ಖಾನಾಪುರದ ಸಾಲಿಗಳ ಲೆಕ್ಕ ಹುಡುಕುತ್ತ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೆಷ್ಟು? ಅವರ ಮನೆಮಾತು ಯಾವುದು? ಕಲಿಸುವವರು ಎಷ್ಟು ಜನ? ವರ್ಷಕ್ಕೆ ಆ ಶಾಲೆಗೆ ಬರುವ ದುಡ್ಡೆಷ್ಟು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗಬೇಕು ಎಂಬುದು ನನ್ನ ಆಸೆಯಾಗಿತ್ತು. ಆದರೆ ಮಕ್ಕಳ ಲೆಕ್ಕ ಒಂದು ದಫ್ತರದಲ್ಲಿದೆ, ಶಿಕ್ಷಕರ ಲೆಕ್ಕ ಇನ್ನೊಂದರಲ್ಲಿ, ಹಣದ್ದು ಬೆಂಗಳೂರಿನ ಬಜೆಟ್ ಸಂಪುಟಗಳಲ್ಲಿ, ಮನೆಮಾತಿನದು ಶಾಲೆಯ ಕಪಾಟಿನಲ್ಲಿರುವ ಹಳೆಯ ವಹಿಯಲ್ಲಿ. ನಾಲ್ಕನ್ನೂ ಎದುರುಬದುರು ಇಟ್ಟು ಓದಲು ಕುಳಿತರೆ ಮೊದಲ ತೊಡಕು ‘ಬೆಳಗಾವಿ ಜಿಲ್ಲೆ’ ಎಂಬಲ್ಲಿಯೇ ಬರುತ್ತದೆ.

ಕಂದಾಯ ಇಲಾಖೆಗೆ ಬೆಳಗಾವಿ ಒಂದೇ ಜಿಲ್ಲೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 47,79,661. ಶಿಕ್ಷಣ ಇಲಾಖೆಗೆ ಅದು ಎರಡು ಜಿಲ್ಲೆ: ಬೆಳಗಾವಿ ಮತ್ತು ಚಿಕ್ಕೋಡಿ. ಎರಡಕ್ಕೂ ಬೇರೆ ಬೇರೆ ಉಪನಿರ್ದೇಶಕರು, ಬೇರೆ ಬೇರೆ ಕೋಷ್ಟಕಗಳು. ಬೆಳಗಾವಿ ನಗರ, ಬೆಳಗಾವಿ ಗ್ರಾಮೀಣ, ಖಾನಾಪುರ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ವಲಯಗಳು ಮೊದಲನೆಯದರಲ್ಲಿ. ಅಥಣಿ, ಗೋಕಾಕ, ಹುಕ್ಕೇರಿ, ರಾಯಬಾಗ, ನಿಪ್ಪಾಣಿಯಂಥವು ಎರಡನೆಯದರಲ್ಲಿ. ಪತ್ರಿಕೆಯಲ್ಲಿ ‘ಬೆಳಗಾವಿ ಜಿಲ್ಲೆಯಲ್ಲಿ ಇಷ್ಟು ಶಿಕ್ಷಕರ ಹುದ್ದೆ ಖಾಲಿ’ ಎಂದು ಓದಿದಾಗ, ಅದು ಇಡೀ ಕಂದಾಯ ಜಿಲ್ಲೆಯೋ ಅರ್ಧವೋ ಎಂದು ಮೊದಲು ನೋಡಿಕೊಳ್ಳಬೇಕು. ಹಳೆಯ ವರ್ಷದ ಒಂದು ಕಾಗದವನ್ನು ಹೊಸದರ ಜೊತೆ ಹೋಲಿಸುವವರು ಈ ಒಂದು ಎಚ್ಚರ ತಪ್ಪಿದರೆ, ಶಾಲೆಗಳು ರಾತ್ರೋರಾತ್ರಿ ಕಾಣೆಯಾದಂತೆ ತೋರುತ್ತದೆ.

ಮಕ್ಕಳ ಲೆಕ್ಕ ಸಿಗುವುದು ಶಾಲಾ ಶಿಕ್ಷಣದ ಏಕೀಕೃತ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಸಂಕೇತ. ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಜಿಲ್ಲೆ, ವಲಯ, ಊರು, ಕೊನೆಗೆ ಶಾಲೆ. ನಿಗದಿತ ದಿನದಂದು ಶಾಲೆಯಲ್ಲಿ ಏನಿತ್ತೋ ಅದನ್ನು ಮುಖ್ಯಾಧ್ಯಾಪಕರು ತುಂಬಿಸಬೇಕು: ತರಗತಿವಾರು ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ವಿಶೇಷ ಅಗತ್ಯವುಳ್ಳ ಮಕ್ಕಳು, ಬೋಧನಾ ಮಾಧ್ಯಮ, ಶಿಕ್ಷಕರ ನೇಮಕದ ಬಗೆ, ಬಂದ ಅನುದಾನ, ಖರ್ಚಾದ ಅನುದಾನ. 2022-23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನ ಮೇಲೆಯೇ ಈ ವಿವರ ಹೋಗುತ್ತಿದೆ.

ಈ ಲೆಕ್ಕಕ್ಕೂ ಬೆಳಗಾವಿಗೂ ಹಳೆಯ ನಂಟಿದೆ. ಯುಡೈಸ್‌ನ ಮೂಲ ರೂಪವಾದ ಡೈಸ್ ಹುಟ್ಟಿದ್ದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಅಂಗವಾಗಿ, ಅಂದರೆ ನಮ್ಮ ಕಡೆ ಎಲ್ಲರೂ ಡಿಪಿಇಪಿ ಎನ್ನುವ ಯೋಜನೆಯಲ್ಲಿ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1994ರಲ್ಲಿ ಅದು ಕರ್ನಾಟಕದಲ್ಲಿ ಶುರುವಾದಾಗ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳು ನಾಲ್ಕೇ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಮಹಿಳಾ ಸಾಕ್ಷರತೆ ರಾಷ್ಟ್ರದ ಸರಾಸರಿಗಿಂತ ಕೆಳಗಿದ್ದ ಜಿಲ್ಲೆಗಳನ್ನು ಆರಿಸಬೇಕು ಎಂಬುದು ಆ ಯೋಜನೆಯ ನಿಯಮಗಳಲ್ಲಿ ಒಂದು. ಕ್ಲಸ್ಟರ್ ಸಂಪನ್ಮೂಲ ಕೇಂದ್ರ, ಸಿಆರ್‌ಪಿ, ಬಿಆರ್‌ಸಿ ಎಂಬ ಹೆಸರುಗಳು ಶಿಕ್ಷಕರ ಬಾಯಲ್ಲಿ ಓಡಾಡತೊಡಗಿದ್ದೂ ಆ ಕಾಲದಿಂದಲೇ. ಅಂದರೆ ಶಾಲಾವಾರು ಅಂಕಿ ಸಂಗ್ರಹದ ಅಭ್ಯಾಸ ಬೆಳಗಾವಿ ಜಿಲ್ಲೆಗೆ ಮೂವತ್ತು ವರ್ಷಕ್ಕೂ ಹಳೆಯದು. ಅಂಕಿ ಇಲ್ಲ ಎಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಹಾಗಿದ್ದರೆ ಕೊರತೆ ಎಲ್ಲಿ? ಶಾಲೆಯಲ್ಲಿ ತುಂಬಿದ ವಿವರ ಮೇಲೆ ಹೋಗುತ್ತ ವಲಯವಾಗುತ್ತದೆ, ಜಿಲ್ಲೆಯಾಗುತ್ತದೆ, ರಾಜ್ಯವಾಗುತ್ತದೆ. ವರದಿಗಳಲ್ಲಿ ಅಚ್ಚಾಗುವುದು ಮೇಲಿನ ಮಟ್ಟದ ಅಂಕಿ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ಪ್ರಮಾಣವನ್ನೇ ತೆಗೆದುಕೊಳ್ಳಿ. ಹತ್ತು ಚಿಕ್ಕ ಶಾಲೆಗಳಿವೆ, ಒಂದೊಂದರಲ್ಲಿ ಇಪ್ಪತ್ತು ಮಕ್ಕಳು, ಇಬ್ಬರು ಶಿಕ್ಷಕರು ಎಂದುಕೊಳ್ಳೋಣ. ಸರಾಸರಿ ಹತ್ತು ಮಕ್ಕಳಿಗೆ ಒಬ್ಬರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಇವುಗಳಲ್ಲಿ ನಾಲ್ಕು ಶಾಲೆಗಳಿಂದ ಒಬ್ಬೊಬ್ಬರು ವರ್ಗವಾಗಿ ಹೋದರೂ ಸರಾಸರಿ ಹನ್ನೆರಡೂವರೆಗೆ ಏರುತ್ತದೆ, ಅಷ್ಟೇ. ಕೋಷ್ಟಕ ನೋಡುವ ಅಧಿಕಾರಿಗೆ ಇಲ್ಲಿ ಶಿಕ್ಷಕರು ಹೆಚ್ಚೇ ಇದ್ದಾರೆ ಎನಿಸುತ್ತದೆ. ಆದರೆ ಆ ನಾಲ್ಕು ಊರುಗಳಲ್ಲಿ ಒಂದನೆಯ ಇಯತ್ತೆಯಿಂದ ಐದನೆಯ ಇಯತ್ತೆಯವರೆಗೆ, ಎಲ್ಲ ವಿಷಯಗಳಿಗೂ, ಬಿಸಿಯೂಟಕ್ಕೂ, ಅಂಕಿ ತುಂಬುವುದಕ್ಕೂ ಒಬ್ಬರೇ.

ಖಾನಾಪುರ ತಾಲೂಕಿನ ನಕ್ಷೆ ನೋಡಿದವರಿಗೆ ಇದು ಬರೀ ಕಾಗದದ ಲೆಕ್ಕವಲ್ಲ ಎಂದು ತಿಳಿಯುತ್ತದೆ. ಪೂರ್ವಕ್ಕೆ ಇಟಗಿ, ಬೀಡಿ, ಕಕ್ಕೇರಿ, ಪಾರಿಶ್ವಾಡ. ಬಯಲು ಸೀಮೆಗೆ ತಾಗಿದ, ತಕ್ಕಮಟ್ಟಿಗೆ ದೊಡ್ಡ ಊರುಗಳು, ಬಹುಪಾಲು ಕನ್ನಡ ಸಾಲಿಗಳು. ಪಶ್ಚಿಮಕ್ಕೆ ಜಾಂಬೋಟಿ ದಾಟಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ, ಅದರಾಚೆ ಚೋರ್ಲಾ ಘಾಟು. ನೈಋತ್ಯಕ್ಕೆ ಹೆಮ್ಮಡಗಾ, ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವ, ಕೃಷ್ಣಾಪುರ. ಸಹ್ಯಾದ್ರಿಯ ಕಾಡಿನ ನಡುವೆ ಹತ್ತಾರು ಮನೆಗಳ ವಸತಿಗಳು, ಬಹುಪಾಲು ಮರಾಠಿ ಸಾಲಿಗಳು. ಇವುಗಳಲ್ಲಿ ಎಷ್ಟೋ ಊರುಗಳು 2011ರ ಡಿಸೆಂಬರಿನಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಒಳಗೋ ಅಂಚಿಗೋ ಇವೆ. ಧಾಮದ ವಿಸ್ತೀರ್ಣ 190 ಚದರ ಕಿಲೋಮೀಟರಿಗೂ ಹೆಚ್ಚು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಈ ಊರುಗಳಿಗೆ ಹೊರಗಿನಿಂದ ಮಾಸ್ತರರು ಬರುವುದೇ ಕಷ್ಟ. ಇಲ್ಲಿ ಶಾಲೆ ಚಿಕ್ಕದಾಗಿರುವುದಕ್ಕೆ ಜನರ ನಿರಾಸಕ್ತಿ ಕಾರಣವಲ್ಲ. ಊರೇ ಚಿಕ್ಕದು, ಮುಂದಿನ ಊರಿಗೆ ಕಾಡು ದಾಟಬೇಕು.

ತಾಲೂಕಿನ ಇಂಥ ಒಂದು ಶಾಲೆಯ ಗುರುಗಳು ನನಗೆ ಹೇಳಿದ್ದು ಇಷ್ಟು: “ಲೆಕ್ಕದಾಗ ನಾವು ಇಬ್ಬರದೀವ್ರಿ. ಮೀಟಿಂಗ್ ಇದ್ದ ದಿವಸ ಒಬ್ಬರ. ಇಲೆಕ್ಷನ್ ಬಂತಂದ್ರ ಅದೂ ಇಲ್ಲ.”

ಕೇಂದ್ರ ಸರಕಾರದ ಅಂಕಿಗಳ ಪ್ರಕಾರ 2024-25ರಲ್ಲಿ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1,04,125. ಕರ್ನಾಟಕದಲ್ಲಿ 7,349. ಒಬ್ಬರೇ ಇದ್ದಾರೆ ಎಂದು ಬರೆದುಕೊಂಡ ಶಾಲೆಗಳಷ್ಟೇ ಇದರಲ್ಲಿ ಬರುತ್ತವೆ. ಗುರುಗಳು ಹೇಳಿದಂಥ, ಕಾಗದದಲ್ಲಿ ಇಬ್ಬರು ಮತ್ತು ಕೋಣೆಯಲ್ಲಿ ಒಬ್ಬರು ಇರುವ ಶಾಲೆಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ನಿಯೋಜನೆಯ ಮೇಲೆ ಬೇರೆ ಕಡೆ ಕೆಲಸ ಮಾಡುತ್ತಿರುವವರ ಹುದ್ದೆ ಮೂಲ ಶಾಲೆಯಲ್ಲಿ ‘ಭರ್ತಿ’ ಎಂದೇ ಇರುತ್ತದೆ. ಆದ್ದರಿಂದ ಇಂಥ ಪಟ್ಟಿಗಳಲ್ಲಿ ನಾನು ಮೂರು ಕಾಲಂ ಹುಡುಕುತ್ತೇನೆ: ಮಂಜೂರಾದ ಹುದ್ದೆ, ಕಾರ್ಯನಿರತರು, ನಿಯೋಜನೆಯಲ್ಲಿರುವವರು. ಬಹಳ ಸಲ ಕಾಣುವುದು ಮೊದಲೆರಡೇ.

ಈ ಹಂತದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯನ್ನು ಮತ್ತೊಮ್ಮೆ, ನಿಧಾನವಾಗಿ ಓದಿದೆ. 2009ರ ಆ ಕಾಯ್ದೆಯ ಅನುಸೂಚಿ ಹೇಳುವಂತೆ ಒಂದರಿಂದ ಐದರವರೆಗೆ ಅರವತ್ತು ಮಕ್ಕಳವರೆಗೂ ಇಬ್ಬರು ಶಿಕ್ಷಕರು, ತೊಂಬತ್ತರವರೆಗೆ ಮೂವರು, ನೂರಿಪ್ಪತ್ತರವರೆಗೆ ನಾಲ್ವರು. ಆರರಿಂದ ಎಂಟರವರೆಗೆ ತರಗತಿಗೆ ಒಬ್ಬರಾದರೂ ಇರಬೇಕು. ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು. ಇದು ಎಲ್ಲರಿಗೂ ಗೊತ್ತಿರುವ ಮಾತು. ಗಮನಕ್ಕೆ ಬಾರದೆ ಹೋಗುವುದು 25 ಮತ್ತು 26ನೆಯ ಕಲಂಗಳ ಒಂದು ಸಣ್ಣ ಅಂಶ. ಈ ಪ್ರಮಾಣವನ್ನು ಪ್ರತಿಯೊಂದು ಶಾಲೆಯಲ್ಲಿಯೂ ಕಾಯ್ದುಕೊಳ್ಳಬೇಕು ಎನ್ನುತ್ತದೆ 25. ಖಾಲಿ ಹುದ್ದೆ ಒಂದು ಶಾಲೆಯಲ್ಲಿ ಮಂಜೂರಾದ ಸಂಖ್ಯೆಯ ಶೇ. 10ನ್ನು ಮೀರಬಾರದು ಎನ್ನುತ್ತದೆ 26. ಇಬ್ಬರ ಹುದ್ದೆಯ ಶಾಲೆಯಲ್ಲಿ ಒಂದು ಖಾಲಿಯಾದರೆ ಅದು ಶೇ. 50. ಅಂದರೆ ಕಾಯ್ದೆಯ ಪ್ರಕಾರ ಕಾಡಂಚಿನ ಚಿಕ್ಕ ಶಾಲೆಯಲ್ಲಿ ಒಂದೇ ಒಂದು ಹುದ್ದೆಯೂ ಖಾಲಿ ಇರಕೂಡದು. ಹತ್ತು ಶಿಕ್ಷಕರ ಪಟ್ಟಣದ ಶಾಲೆಯಲ್ಲಿ ಒಂದು ಖಾಲಿ ಇದ್ದರೆ ನಡೆದೀತು. ವಾಸ್ತವದಲ್ಲಿ ನಡೆಯುವುದು ಇದರ ತಿರುವುಮುರುವು. ಕಾನೂನು ಒಂದೊಂದು ಶಾಲೆಯ ಮಾತನಾಡುತ್ತದೆ, ವರದಿಗಳು ಜಿಲ್ಲೆಯ ಮಾತನಾಡುತ್ತವೆ. ನನ್ನ ಹುಡುಕಾಟದಲ್ಲಿ ಸಿಕ್ಕ ಮುಖ್ಯ ಸಂಗತಿ ಇದೇ ಎಂದು ನಾನು ನಂಬಿದ್ದೇನೆ.

ಶಿಕ್ಷಕರು ಏಕೆ ಪಟ್ಟಣದ ಕಡೆ ಸರಿಯುತ್ತಾರೆ ಎಂಬುದಕ್ಕೆ ವರ್ಗಾವಣೆ ಕಾಯ್ದೆಯ ಕಾಗದಗಳಲ್ಲೇ ಉತ್ತರವಿದೆ. 2007ರ ಕಾಯ್ದೆ, ಅದರ ಬದಲಿಗೆ ಬಂದ 2020ರ ಕಾಯ್ದೆ ಎರಡೂ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸುತ್ತವೆ. ಎ ಎಂದರೆ ನಗರ, ಸಿ ಎಂದರೆ ದೂರದ ಹಳ್ಳಿ. ಸಿ ವಲಯದಲ್ಲಿ ಸೇವೆ ಸಲ್ಲಿಸಿದವರಿಗೆ ಮುಂದೆ ಊರು ಆಯ್ದುಕೊಳ್ಳುವಾಗ ಅನುಕೂಲ ಸಿಗುತ್ತದೆ. ಇದು ನ್ಯಾಯವೇ. ಹತ್ತು ವರ್ಷ ಮಳೆಕಾಡಿನ ಶಾಲೆಯಲ್ಲಿ ದುಡಿದ ಅಕ್ಕೋರು ಮಗಳ ಕಾಲೇಜಿಗಾಗಿ ಬೆಳಗಾವಿಗೆ ಬರಬೇಕೆಂದರೆ ತಪ್ಪೇನು? ಆದರೆ ಹೋದವರ ಜಾಗಕ್ಕೆ ಅದೇ ದಿನ ಇನ್ನೊಬ್ಬರು ಬರುವ ಏರ್ಪಾಡು ಇಲ್ಲದಿದ್ದರೆ, ವ್ಯಕ್ತಿಗೆ ಸಿಕ್ಕ ನ್ಯಾಯದ ಬೆಲೆಯನ್ನು ಇಪ್ಪತ್ತು ಮಕ್ಕಳು ತೆರಬೇಕಾಗುತ್ತದೆ. 2022ರಲ್ಲಿ ಕರೆದ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನ್ಯಾಯಾಲಯದ ಮೆಟ್ಟಿಲೇರಿ, 13,352 ಜನರ ಪಟ್ಟಿಯಾಗಿ ಮುಗಿಯುವಷ್ಟರಲ್ಲಿ 2023 ಅರ್ಧ ದಾಟಿತ್ತು. ಆ ನಡುವಿನ ದಿನಗಳನ್ನು ತುಂಬಿದವರು ಅತಿಥಿ ಶಿಕ್ಷಕರು.

ಅತಿಥಿ ಶಿಕ್ಷಕರ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಪ್ರಾಥಮಿಕ ಶಾಲೆಯಲ್ಲಿ ಅವರ ಗೌರವಧನ ತಿಂಗಳಿಗೆ 10 ಸಾವಿರ ಇತ್ತು. 2025-26ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿತು. ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ ಈ ಹಣ. ಖಾನಾಪುರದಿಂದ ಕಾಡಿನ ಊರಿಗೆ ದಿನಾ ಬೈಕಿನಲ್ಲಿ ಹೋಗಿ ಬರುವವರಿಗೆ ಇದರಲ್ಲಿ ಪೆಟ್ರೋಲಿಗೆ ಎಷ್ಟು ಹೋಗುತ್ತದೆಂದು ಲೆಕ್ಕ ಹಾಕಿ. ನೇಮಕಕ್ಕೆ ಹತ್ತಿರದ ಹುಡುಗ ಹುಡುಗಿಯರೇ ಸಿಗುತ್ತಾರೆ ಎಂಬುದು ಇದರ ಒಳ್ಳೆಯ ಮಗ್ಗುಲು. ಮಕ್ಕಳ ಮನೆಮಾತು ಅವರಿಗೆ ಬರುತ್ತದೆ. ಕಾಯಂ ಆಗುವ ಭರವಸೆ ಇಲ್ಲದೆ ವರ್ಷ ವರ್ಷವೂ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು ಎಂಬುದು ಕೆಟ್ಟ ಮಗ್ಗುಲು. ರಾಜ್ಯದ ಸರಕಾರಿ ಶಾಲೆಗಳು ಇಂದು ನಿಂತಿರುವುದೇ ಇವರ ಹೆಗಲ ಮೇಲೆ. ಅವರನ್ನು ‘ತಾತ್ಕಾಲಿಕ’ ಎಂದು ಬರೆಯುವ ಕಾಲಂ ಬದಲಾಗಬೇಕು.

ಹಣದ ಜಾಡು ಹಿಡಿಯುವುದು ಇನ್ನೂ ಕಷ್ಟ. ಕರ್ನಾಟಕದ ಬಜೆಟ್ಟಿನ ಜೊತೆ ‘ಲಿಂಕ್ ಡಾಕ್ಯುಮೆಂಟ್’ ಎಂಬ ದಪ್ಪ ಸಂಪುಟಗಳು ಬರುತ್ತವೆ. ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಯಾವ ಬಾಬತ್ತಿಗೆ ಎಷ್ಟು ಹಂಚಿಕೆ ಎಂಬುದು ಅಲ್ಲಿರುತ್ತದೆ. 2202 ಎಂಬ ಲೆಕ್ಕ ಶೀರ್ಷಿಕೆ ಸಾಮಾನ್ಯ ಶಿಕ್ಷಣದ್ದು. ಅದರಡಿ 01 ಎಂದರೆ ಪ್ರಾಥಮಿಕ, 02 ಎಂದರೆ ಪ್ರೌಢ. ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 4202. ಈ ಪುಟಗಳನ್ನು ತಿರುವಿ ಹಾಕಿದವರಿಗೆ ಮೊದಲು ಕಾಣುವುದು ಪ್ರಾಥಮಿಕ ಶಿಕ್ಷಣದ ಹಣದಲ್ಲಿ ಸಿಂಹಪಾಲು ವೇತನ ಎಂಬುದು. ಅದು ಸಹಜ, ಶಾಲೆ ಎಂದರೆ ಶಿಕ್ಷಕರೇ. ಆದರೆ ಇದರ ಒಳಗೊಂದು ಸಂಗತಿ ಅಡಗಿದೆ. ವೇತನ ಶಿಕ್ಷಕರ ಹಿಂದೆ ಹೋಗುತ್ತದೆ, ಮಗುವಿನ ಹಿಂದೆ ಹೋಗುವುದಿಲ್ಲ. ಇಪ್ಪತ್ತೈದು ವರ್ಷ ಸೇವೆಯಾದವರ ಸಂಬಳ ಹೊಸಬರಿಗಿಂತ ಬಹಳ ಹೆಚ್ಚು, ಸೇವೆ ಹೆಚ್ಚಾದವರು ವರ್ಗಾವಣೆಯಲ್ಲಿ ನಗರದ ಕಡೆ ಸರಿಯುವುದೂ ಹೆಚ್ಚು. ಹೀಗಾಗಿ ಒಂದೇ ಸಂಖ್ಯೆಯ ಹುದ್ದೆಗಳಿದ್ದರೂ ಸರಕಾರ ನಗರದ ಮಗುವಿನ ಮೇಲೆ ಹೆಚ್ಚು ಖರ್ಚು ಮಾಡುವಂತಾಗುತ್ತದೆ. ಕಾಯಂ ಶಿಕ್ಷಕರಿಲ್ಲದೆ ಅತಿಥಿ ಶಿಕ್ಷಕರು ನಡೆಸುವ ಕಾಡಿನ ಶಾಲೆಗೆ ಬರುವುದು ಅದರ ಒಂದು ಚೂರು. ಯಾರೂ ಇದನ್ನು ಬೇಕೆಂದು ಮಾಡಿಲ್ಲ. ಯಾರೂ ಇದನ್ನು ಶಾಲಾವಾರು ಕೂಡಿಸಿ ಅಚ್ಚು ಹಾಕಿಯೂ ಇಲ್ಲ.

ಶಾಲೆಯ ಕೈಗೆ ನೇರವಾಗಿ ಬರುವುದು ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ. ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಸುಣ್ಣಬಣ್ಣ, ಸೀಮೆಸುಣ್ಣ, ವಿದ್ಯುತ್ ಬಿಲ್ಲು, ನೀರು, ಶೌಚಾಲಯದ ಸ್ವಚ್ಛತೆ ಎಲ್ಲ ಇದರಲ್ಲೇ. 2018ರ ಮಾರ್ಗಸೂಚಿಯಲ್ಲಿ ಹದಿನೈದರವರೆಗೆ ಮಕ್ಕಳಿದ್ದರೆ 12,500 ರೂಪಾಯಿ, ಹದಿನಾರರಿಂದ ನೂರರವರೆಗೆ 25,000 ಇತ್ತು. 2021ರ ಪರಿಷ್ಕರಣೆಯ ನಂತರ ಮೂವತ್ತರವರೆಗೆ 10,000, ಮೂವತ್ತೊಂದರಿಂದ ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಪ್ಪತ್ತೈದು ಮಕ್ಕಳ ಶಾಲೆಗೆ ಇಪ್ಪತ್ತೈದು ಸಾವಿರ ಇದ್ದದ್ದು ಹತ್ತು ಸಾವಿರಕ್ಕೆ ಇಳಿಯಿತು. ಇಂಥ ಐದು ಶಾಲೆಗಳಿಗೆ ಸೇರಿ ಈಗ ಐವತ್ತು ಸಾವಿರ. ನೂರಿಪ್ಪತ್ತೈದು ಮಕ್ಕಳ ಒಂದೇ ಪಟ್ಟಣದ ಶಾಲೆಗೂ ಐವತ್ತು ಸಾವಿರವೇ. ತಲೆಗೆ ಲೆಕ್ಕ ಸರಿಯಾಯಿತು. ಆದರೆ ಐದು ಶಾಲೆಗಳಿಗೆ ಐದು ಹಂಚಿನ ಮಾಡುಗಳಿವೆ, ಐದು ಶೌಚಾಲಯಗಳಿವೆ, ಐದು ಮೀಟರುಗಳಿವೆ. ಕಣಕುಂಬಿ ಕಡೆಯ ಒಂದು ಮಳೆಗಾಲಕ್ಕೆ ಹಂಚು ಸರಿಪಡಿಸಲು ಎಷ್ಟು ಬೇಕೆಂದು ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರನ್ನು ಕೇಳಿದರೆ ಬಾಯಿಪಾಠ ಹೇಳುತ್ತಾರೆ. ರಾಜಾ ರಾಮಣ್ಣ ಕಾರ್ಯಪಡೆಯ ವರದಿಯ ಮೇಲೆ 2001ರಲ್ಲಿ ರೂಪುಗೊಂಡ ಈ ಸಮಿತಿಗಳಿಗೆ ಮೇಲುಸ್ತುವಾರಿಯ ಹೊಣೆ ಕೊಟ್ಟೆವು, ಮಾಡು ಹೊದಿಸುವ ಹಣ ಕೊಡಲಿಲ್ಲ.

ಈ ಅಸಮತೋಲ ಯಾವಾಗ ಶುರುವಾಯಿತು ಎಂದು ಹಿಂದಕ್ಕೆ ಹೋದರೆ ದಾಖಲೆಗಳು ಬೆಳಗಾವಿಯಲ್ಲಿ ಮುಗಿಯುವುದಿಲ್ಲ. 1818ರಲ್ಲಿ ಪೇಶ್ವೆಯರಿಂದ ಇಂಗ್ಲಿಷರ ಕೈಗೆ ಬಂದ ಈ ಪ್ರದೇಶ ಮುಂಬೈ ಪ್ರಾಂತದ್ದು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಸ್ವತಂತ್ರ ಜಿಲ್ಲೆಯಾಯಿತು. ಶಿಕ್ಷಣ ಇಲಾಖೆಯ ಹಳೆಯ ಸಂಪುಟಗಳು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿವೆ. ಇನ್ನೂ ಒಂದು ಸುತ್ತು ಇದೆ: ಇಂದು ಬೆಳಗಾವಿ ನಗರದ ಭಾಗವಾದ ಶಹಾಪುರ 1948ರವರೆಗೆ ಸಾಂಗಲಿ ಸಂಸ್ಥಾನದ್ದಾಗಿತ್ತು. ಖಡೇಬಜಾರಿನ ಶಾಲೆಯ ಚರಿತ್ರೆ ಹುಡುಕುವವರು ಮುಂಬೈಗೆ ಹೋಗಬೇಕು, ಅದರ ಮಗ್ಗುಲಿನ ಶಹಾಪುರದ ಶಾಲೆಯ ಚರಿತ್ರೆಗೆ ಸಂಸ್ಥಾನದ ಕಾಗದಗಳ ಬೆನ್ನು ಹತ್ತಬೇಕು.

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ, 1884ರಲ್ಲಿ ಪ್ರಕಟವಾದ ಬೆಳಗಾವಿ ಗ್ಯಾಸೆಟಿಯರ್ ಮುಂಬೈ ಸರಣಿಯ 21ನೆಯ ಸಂಪುಟ. ಅದರ ಶಿಕ್ಷಣದ ಅಧ್ಯಾಯ ಓದುವಾಗ ಆಶ್ಚರ್ಯವಾಗುತ್ತದೆ. ಶಾಲೆಗಳಿಗೆ ಸರಕಾರದಿಂದೆಷ್ಟು, ಲೋಕಲ್ ಸೆಸ್‌ನಿಂದೆಷ್ಟು, ಫೀಯಿಂದೆಷ್ಟು, ಓದುವ ಮಕ್ಕಳು ಯಾವ ಜಾತಿ-ಧರ್ಮದವರು ಎಂಬ ಕೋಷ್ಟಕಗಳು ಅಲ್ಲಿವೆ. ನಾನು ಹುಡುಕುತ್ತಿದ್ದ ಹಣ, ಮಾಸ್ತರ, ಮಗು ಮೂರನ್ನೂ ಒಂದೇ ಅಧ್ಯಾಯದಲ್ಲಿ ಇಡುವ ಕೆಲಸವನ್ನು ವಸಾಹತುಶಾಹಿ ಆಡಳಿತ ತನ್ನ ಅನುಕೂಲಕ್ಕಾದರೂ ಮಾಡಿತ್ತು. ಆ ಕೋಷ್ಟಕಗಳ ಹಿಂದೆ ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿದೆ. ಶಾಲಾ ತನಿಖಾಧಿಕಾರಿಯಾಗಿ ಈ ಭಾಗದ ಹಳ್ಳಿ ಸುತ್ತಿ, ಮರಾಠಿಯೇ ಶಾಲೆಯ ಮಾತಾಗಿದ್ದ ಕಡೆ ಕನ್ನಡ ಸಾಲಿಗಳನ್ನು ತೆರೆಯಿಸಿ, ಶಿಕ್ಷಕರಿಗಾಗಿ ಬೆಳಗಾವಿಯಿಂದ ‘ಮಠಪತ್ರಿಕೆ’ ಹೊರಡಲು ಕಾರಣರಾದವರು ಅವರು. ಮುಂದೆ 1918ರ ವಿಠ್ಠಲಭಾಯಿ ಪಟೇಲರ ಕಾಯ್ದೆ ಪುರಸಭೆಗಳಿಗೆ ಕಡ್ಡಾಯ ಶಿಕ್ಷಣದ ಅಧಿಕಾರ ಕೊಟ್ಟಿತು. 1923ರ ಮತ್ತು 1947ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆಗಳು ಶಾಲೆಗಳನ್ನು ಸ್ಥಳೀಯ ಶಾಲಾ ಮಂಡಳಿಗಳ ಕೈಗಿಟ್ಟವು. ಬೆಳಗಾವಿ ನಗರದಲ್ಲಿ ಇಂದಿಗೂ ಕನ್ನಡ ಶಾಲೆ ನಂಬರ್ ಇಷ್ಟು, ಮರಾಠಿ ಶಾಲೆ ನಂಬರ್ ಇಷ್ಟು ಎಂದು ಹೇಳುವುದು ಆ ಕಾಲದ ಗುರುತು. ಸ್ವಾತಂತ್ರ್ಯದ ಹೊತ್ತಿಗೆ ಇಡೀ ಮುಂಬೈ ಪ್ರಾಂತದ ಶಿಕ್ಷಣ ನಿರ್ದೇಶಕರಾಗಿದ್ದವರು ಗೋಕಾಕ ಸೀಮೆಯ ಮಮದಾಪುರದ ಡಿ.ಸಿ. ಪಾವಟೆ.

1956ರ ನವೆಂಬರ್ 1ರಂದು, ಚಂದಗಡ ತಾಲೂಕನ್ನು ಬಿಟ್ಟು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ತಂದಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಕೊಡಬೇಕು. ಅದಕ್ಕೂ ಮೊದಲು, 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ್ದ ಸೂತ್ರವೂ ಇತ್ತು: ಶಾಲೆಯಲ್ಲಿ ನಲವತ್ತು ಅಥವಾ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಅವರ ಮಾತಿನಲ್ಲಿ ಕಲಿಸುವ ಒಬ್ಬ ಶಿಕ್ಷಕರು. ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಬಂತು. ಅದರ ಪ್ರಾದೇಶಿಕ ಕಚೇರಿಗಳಲ್ಲೊಂದು ಬೆಳಗಾವಿಯಲ್ಲಿಯೇ ಇತ್ತು. ಆ ಆಯುಕ್ತರು ವರ್ಷಾವರ್ಷ ರಾಷ್ಟ್ರಪತಿಗೆ ಒಪ್ಪಿಸಿದ ವರದಿಗಳು ನನಗೆ ಈ ಹುಡುಕಾಟದಲ್ಲಿ ಬಹಳ ಉಪಯೋಗಕ್ಕೆ ಬಂದವು. ಕರ್ನಾಟಕದ ಮರಾಠಿ, ಉರ್ದು, ತಮಿಳು, ತೆಲುಗು ಶಾಲೆಗಳ ವಿಚಾರ ಅಲ್ಲಿದೆ. ಮಹಾರಾಷ್ಟ್ರದ ಕನ್ನಡ ಶಾಲೆಗಳದ್ದೂ ಇದೆ. ಎರಡನ್ನೂ ಓದಿದರೆ ಒಂದು ಅರಿವಾಗುತ್ತದೆ: ಜತ್ತ, ಅಕ್ಕಲಕೋಟೆಯ ಕನ್ನಡ ಸಾಲಿಯ ದೂರು ಮತ್ತು ಖಾನಾಪುರದ ಮರಾಠಿ ಸಾಲಿಯ ದೂರು ಬಹುತೇಕ ಒಂದೇ. ಆ ಮಾಧ್ಯಮ ಬಲ್ಲ ಶಿಕ್ಷಕರಿಲ್ಲ, ಪುಸ್ತಕ ತಡ.

ಗಡಿ ವಿವಾದ ಈ ಅಂಕಿಗಳನ್ನು ಕೆಡಿಸಿತು ಎಂದೇ ನಾನು ಹೇಳುತ್ತೇನೆ. 1966ರಲ್ಲಿ ನೇಮಕಗೊಂಡು ಮರುವರ್ಷ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿ ನಗರ ಇಲ್ಲಿಯೇ ಉಳಿಯಲಿ ಎಂದಿತು. 2004ರಿಂದ ಮಹಾರಾಷ್ಟ್ರದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಅಂದಿನಿಂದ ಒಂದು ಊರಿನಲ್ಲಿ ಮರಾಠಿ ಸಾಲಿ ಇದೆ ಎಂದರೆ ಒಬ್ಬರಿಗೆ ಹಕ್ಕಿನ ಪುರಾವೆ, ಅಲ್ಲಿ ಕನ್ನಡ ಸಾಲಿ ತೆರೆದರೆ ಇನ್ನೊಬ್ಬರಿಗೆ ಗೆಲುವಿನ ಪುರಾವೆ. ಯಾವ ಮಾಧ್ಯಮದ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಎಂದು ಮುಗ್ಧವಾಗಿ ಕೇಳಿದರೂ ಎದುರಿನವರು ‘ನೀವು ಯಾವ ಕಡೆಯವರು’ ಎಂಬಂತೆ ನೋಡುತ್ತಾರೆ. ನಾನು ಕನ್ನಡದವನು, ಖಾನಾಪುರ ಕರ್ನಾಟಕದ್ದು. ಹಾಗಾಗಿಯೇ ಅಲ್ಲಿನ ಮರಾಠಿ ಸಾಲಿ ಸೋರಿದರೆ ಅದು ಕರ್ನಾಟಕ ಸರಕಾರದ ಸಾಲಿ, ಅದರ ನಾಚಿಕೆ ನಮ್ಮದು.

ಮನೆಮಾತು ಮತ್ತು ಮಾಧ್ಯಮ ಒಂದೇ ಎಂದು ತಿಳಿಯುವುದೂ ಸರಿಯಲ್ಲ. ಶಾಲೆಗಳ ಜನರಲ್ ರಜಿಸ್ಟರ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಪ್ಪು ಶಾಯಿಯ, ಅಂಚು ಹರಿದ ಈ ವಹಿಗಳಲ್ಲಿ ಮಗುವಿನ ಹೆಸರು, ತಂದೆಯ ಉದ್ಯೋಗ, ಜಾತಿ, ಮಾತೃಭಾಷೆ, ಶಾಲೆ ಬಿಟ್ಟ ತಾರೀಖು, ಬಿಟ್ಟ ಕಾರಣ ಇರುತ್ತವೆ. ಮರಾಠಿ ಸಾಲಿಯಲ್ಲಿ ಕೊಂಕಣಿ ಮನೆಮಾತಿನ ಮಕ್ಕಳು, ಗೌಳಿ ವಾಡೆಗಳ ಮಕ್ಕಳು, ಕನ್ನಡ ಸಾಲಿಯಲ್ಲಿ ಉರ್ದು ಮನೆಮಾತಿನವರು, ಲಂಬಾಣಿ ಮಕ್ಕಳು ಇದ್ದಾರೆ. ಮಾಧ್ಯಮದ ಅಂಕಿ ನೋಡಿ ಸಮುದಾಯದ ಅಂಕಿ ಹೇಳಲಾಗದು.

ಜಾತಿಯ ಕಾಲಂ ಇನ್ನೊಂದು ಕಥೆ ಹೇಳುತ್ತದೆ. ಖಾನಾಪುರದ ಕಾಡಂಚಿನಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಪಕ್ಕದ ಹಳಿಯಾಳ, ಯಲ್ಲಾಪುರದ ಸಿದ್ದಿಗಳಿಗೆ, ಅಂದರೆ ಉತ್ತರ ಕನ್ನಡ ಜಿಲ್ಲೆಯವರಿಗೆ, ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ನಡುವಿನ ಹದಿನೇಳು ವರ್ಷ, ಒಂದೇ ಕುಲದ, ಬೀಗತನ ಇರುವ ಎರಡು ಮನೆಗಳ ಮಕ್ಕಳಲ್ಲಿ ಜಿಲ್ಲೆಯ ಗೆರೆಯ ಆಚೆ ಇದ್ದ ಮಗುವಿಗೆ ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನ ಇತ್ತು, ಈಚೆಯದಕ್ಕೆ ಇರಲಿಲ್ಲ. 2020ರ ಸುಮಾರಿಗೆ ಖಾನಾಪುರ ವಲಯದ ಪರಿಶಿಷ್ಟ ಪಂಗಡದ ಸಾಲಿನಲ್ಲಿ ಏರಿಕೆ ಕಂಡರೆ ಹೊಸ ಮಕ್ಕಳು ಬಂದರೆಂದು ತಿಳಿಯಬೇಡಿ. ಇದ್ದ ಮಕ್ಕಳನ್ನು ಅವರ ಜಾಗದಲ್ಲಿ ಎಣಿಸಲು ಶುರುಮಾಡಿದ್ದೇವೆ.

ನಗರದ ಕಡೆ ಹರಿವು ಬೇರೆ. ಬೆಳಗಾವಿಯ ಸರಕಾರಿ ಕನ್ನಡ, ಮರಾಠಿ ಸಾಲಿಗಳೆರಡರಿಂದಲೂ ಮಕ್ಕಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳತ್ತ ಹೋದರು. ಮಾತೃಭಾಷೆಯನ್ನು ಕಡ್ಡಾಯ ಮಾಧ್ಯಮ ಮಾಡುವ 1994ರ ಸರಕಾರಿ ಆದೇಶ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಬಿದ್ದುಹೋಯಿತು. 2019ರಲ್ಲಿ ರಾಜ್ಯ ಸರಕಾರ ತಾನೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ಬೀದಿಯಲ್ಲಿ ಕನ್ನಡ-ಮರಾಠಿ ಎಂದು ಜಗಳ ನಡೆದಿದ್ದಾಗ ಎರಡೂ ಸಾಲಿಗಳ ಬೆಂಚು ಖಾಲಿಯಾಗುತ್ತಿದ್ದವು. ನಗರದ ಸರಕಾರಿ ಶಾಲೆಯಲ್ಲಿ ಈಗ ಉಳಿದವರು ಹೆಚ್ಚಾಗಿ ದುಡಿಯಲು ಬಂದವರ, ಕೂಲಿಯವರ, ಫೀ ಕಟ್ಟಲಾಗದವರ ಮಕ್ಕಳು. ಶಾಲೆ ದುರ್ಬಲವಾದರೆ ಪೆಟ್ಟು ಬೀಳುವುದು ಅವರಿಗೇ.

ದಾಖಲೆ ಹುಡುಕುವ ಇತರರಿಗೆ ಒಂದು ಉಪಯೋಗದ ಮಾತು. ಶಾಲಾವಾರು ವಿವರ ಸಿಗುವ ಒಳ್ಳೆಯ ಜಾಗ ವಿಧಾನಮಂಡಲದ ಪ್ರಶ್ನೋತ್ತರ. 2012ರಲ್ಲಿ ಸುವರ್ಣ ವಿಧಾನಸೌಧ ಆದ ಮೇಲೆ ಬೆಳಗಾವಿಯ ಚಳಿಗಾಲದ ಅಧಿವೇಶನಗಳಲ್ಲಿ ಈ ಭಾಗದ ಶಾಸಕರು ಕೇಳುವ ಚುಕ್ಕೆ ಗುರುತಿನ, ಚುಕ್ಕೆ ರಹಿತ ಪ್ರಶ್ನೆಗಳಿಗೆ ಇಲಾಖೆ ಕೊಡುವ ಉತ್ತರದ ಅನುಬಂಧ ನೋಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದಗಳ ಒಳಗೆ, ಶುಲ್ಕ ಹತ್ತು ರೂಪಾಯಿ. ‘ಶಾಲೆಯ ಹೆಸರು, ಮಾಧ್ಯಮ, ಮಂಜೂರಾದ ಹುದ್ದೆ, ಕಾರ್ಯನಿರತ, ನಿಯೋಜನೆ, ಅತಿಥಿ ಶಿಕ್ಷಕರು’ ಎಂದು ಕಾಲಂಗಳನ್ನೇ ಬರೆದು ಕೇಳಿ. ಸರಾಸರಿ ಕೇಳಿದರೆ ಸರಾಸರಿಯೇ ಬರುತ್ತದೆ.

ಇಲಾಖೆಗೆ ನನ್ನ ಬೇಡಿಕೆ ದೊಡ್ಡದಲ್ಲ. ಅಂಕಿಗಳೆಲ್ಲ ಅವರ ಬಳಿಯೇ ಇವೆ. ಪ್ರತಿ ವರ್ಷ ಜೂನ್ ಕೊನೆಗೆ ಖಾನಾಪುರ ವಲಯದ, ಬೆಳಗಾವಿ ನಗರ ವಲಯದ ಪ್ರತಿಯೊಂದು ಶಾಲೆಯ ಮಕ್ಕಳು, ಮಾಧ್ಯಮ, ಶಿಕ್ಷಕರು, ಬಂದ ಹಣ ನಾಲ್ಕನ್ನೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿಯೂ ಆ ಊರಿನವರು ಓದುವ ಮರಾಠಿ, ಉರ್ದುವಿನಲ್ಲಿಯೂ ಗ್ರಾಮ ಪಂಚಾಯತಿಯ ಫಲಕಕ್ಕೆ ಹಚ್ಚಲಿ. ಇಬ್ಬರ ಹುದ್ದೆಯ ಶಾಲೆಯಿಂದ ಒಬ್ಬರನ್ನು ಬಿಡುಗಡೆ ಮಾಡುವ ಮೊದಲು ಇನ್ನೊಬ್ಬರು ಹಾಜರಾಗಿರಲಿ. ಮೂವತ್ತರೊಳಗಿನ ಮಕ್ಕಳ ಅರಣ್ಯದ ಶಾಲೆಗಳಿಗೆ ರಾಜ್ಯ ತನ್ನ ಕೈಯಿಂದ ಹದಿನೈದು ಸಾವಿರ ಸೇರಿಸಿ ಇಪ್ಪತ್ತೈದು ಸಾವಿರ ಮಾಡಿಕೊಡಲಿ.

ಓದುಗರಲ್ಲಿಯೂ ಒಂದು ಕೋರಿಕೆ. ಭೀಮಗಡದ ಒಳಗಿನ ಊರುಗಳ ಸ್ಥಳಾಂತರದ ಮಾತು ನಡೆದಿದೆ. ಊರು ಎದ್ದರೆ ಸಾಲಿಯೂ ಮುಚ್ಚುತ್ತದೆ, ಅದರ ಜನರಲ್ ರಜಿಸ್ಟರ್ ಹತ್ತಿರದ ಶಾಲೆಯ ಮೂಲೆ ಸೇರುತ್ತದೆ, ಗೆದ್ದಲು ತಿಂದರೆ ಒಂದು ಊರಿನ ಅಕ್ಷರದ ಚರಿತ್ರೆ ಪೂರ್ತಿ ಹೋಗುತ್ತದೆ. ನಿಮ್ಮ ಊರಿನ ಸಾಲಿ ನೂರು ವರ್ಷ ದಾಟಿದ್ದರೆ, ಮುಖ್ಯಾಧ್ಯಾಪಕರ ಒಪ್ಪಿಗೆ ಪಡೆದು ಅದರ ಹಳೆಯ ವಹಿಗಳ ಪುಟಗಳ ಫೋಟೋ ತೆಗೆಸಿ, ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟು ಇನ್ನೊಂದನ್ನು ಧಾರವಾಡದ ಪತ್ರಾಗಾರ ಕಚೇರಿಗೆ ಒಪ್ಪಿಸಿರಿ. ಈ ಮಳೆಗಾಲಕ್ಕೆ ಮುಂಚೆಯೇ ಮಾಡಿರಿ.